ಗೋಡೆಯ ಮೇಲಿನ ಸರ್ಟಿಫಿಕೇಟಿಗೆ ಎಷ್ಟು ವಯಸ್ಸು? ಆಪ್ತಸಮಾಲೋಚಕರು ಯಾಕೆ ಕಲಿಯುತ್ತಲೇ ಇರಬೇಕು

ಆರ್‌.ಟಿ. ನಗರದಿಂದ ಹೆಬ್ಬಾಳ ದಾಟಿ ಯಲಹಂಕ ನ್ಯೂ ಟೌನ್‌ವರೆಗೆ ಒಳರಸ್ತೆಗಳಲ್ಲಿ ಸುತ್ತಾಡಿದರೆ ಹಲ್ಲಿನ ಕ್ಲಿನಿಕ್ಕು, ಫಿಸಿಯೋಥೆರಪಿ, ಟ್ಯೂಷನ್ ಬೋರ್ಡುಗಳ ನಡುವೆ ಈಗ ಇನ್ನೊಂದು ಬಗೆಯ ಬೋರ್ಡೂ ಕಾಣುತ್ತದೆ: ‘ಕೌನ್ಸೆಲಿಂಗ್ ಸೆಂಟರ್’. ಶಾಲೆಗಳಲ್ಲಿ ಕೌನ್ಸೆಲರ್ ಇದ್ದಾರೆ, ಐಟಿ ಕಂಪನಿಗಳು ಉದ್ಯೋಗಿಗಳಿಗೆ ಈ ಸೌಲಭ್ಯ ಕೊಡುತ್ತವೆ, ಮೊಬೈಲಿನಲ್ಲಿ ಆ್ಯಪ್‌ಗಳೂ ಇವೆ. ಮನಸ್ಸಿನ ಕಷ್ಟಕ್ಕೆ ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ ಎಂಬ ಭಾವನೆ ನಿಧಾನವಾಗಿ ಬೆಳೆಯುತ್ತಿರುವುದು ಒಳ್ಳೆಯದೇ.

ಆದರೆ ಅಲ್ಲಿಗೆ ಹೋಗುವ ಮೊದಲು ನಾವು ಏನು ವಿಚಾರಿಸುತ್ತೇವೆ? ಫೀಸು ಎಷ್ಟು, ಮನೆಗೆ ಹತ್ತಿರವೇ, ಭಾನುವಾರ ಸಿಗುತ್ತಾರೆಯೇ, ಹೆಚ್ಚೆಂದರೆ ಎಷ್ಟು ವರ್ಷದ ಅನುಭವ ಎಂದು. ‘ನೀವು ಕೊನೆಯ ಸಲ ಹೊಸದಾಗಿ ಏನು ಕಲಿತಿರಿ? ನಿಮ್ಮ ಕೆಲಸವನ್ನು ಯಾರು ಗಮನಿಸುತ್ತಾರೆ?’ ಎಂದು ಕೇಳುವವರು ತೀರಾ ಕಡಿಮೆ. ಹೀಗೆ ಕೇಳುವುದು ಯಾಕೆ ಮುಖ್ಯ, ಆಪ್ತಸಮಾಲೋಚಕರ ಮುಂದುವರಿದ ಕಲಿಕೆಯ ಬಗ್ಗೆ ಸಂಶೋಧನೆಗಳು ಏನು ಹೇಳುತ್ತವೆ, ನಮ್ಮಲ್ಲಿ ಕಾನೂನು ಹೇಗಿದೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಮೊದಲು, ಯಾರು ಯಾರು?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿದವರು. ಔಷಧಿ ಬರೆಯುವ ಅಧಿಕಾರ ಅವರಿಗಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಈ ಕೆಲಸ ಮಾಡುವಂತಿಲ್ಲ. ಆ ನೋಂದಣಿಯೂ ಒಮ್ಮೆ ಪಡೆದರೆ ಜೀವನಪೂರ್ತಿ ನಡೆಯುವಂಥದ್ದಲ್ಲ. ಪರಿಷತ್ತು ಒಪ್ಪಿದ ತರಬೇತಿಗಳಲ್ಲಿ ಭಾಗವಹಿಸಿ, ಅಂಕ ಗಳಿಸಿ, ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಇನ್ನು ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು. ಇಲ್ಲೇ ಗೊಂದಲ ಇರುವುದು. ಎರಡು ವರ್ಷ ಎಂ.ಎಸ್‌ಸಿ. ಓದಿ, ನೂರಾರು ಗಂಟೆ ಹಿರಿಯರ ಕೈಕೆಳಗೆ ಪಳಗಿದವರೂ ‘ಕೌನ್ಸೆಲರ್’. ವಾರಾಂತ್ಯದ ಡಿಪ್ಲೊಮಾ ಮಾಡಿದವರೂ ‘ಕೌನ್ಸೆಲರ್’. ನಾಲ್ಕು ದಿನದ ಆನ್‌ಲೈನ್ ಕೋರ್ಸು ಮುಗಿಸಿದವರು ಅದೇ ಹೆಸರು ಹಾಕಿಕೊಂಡರೂ ಹೊರಗಿನಿಂದ ನಮಗೆ ಗೊತ್ತಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ‘ಮಾನಸಿಕ ಆರೋಗ್ಯ ವೃತ್ತಿಪರರು’ ಎಂದರೆ ಯಾರು ಎಂದು ವಿವರಿಸುತ್ತದೆ. ಮನೋವೈದ್ಯರು, ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮಾನಸಿಕ ಆರೋಗ್ಯ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಅದರಲ್ಲಿದ್ದಾರೆ. ಬರೀ ‘ಕೌನ್ಸೆಲರ್’ ಎಂಬ ಹೆಸರು ಅದರಲ್ಲಿಲ್ಲ.

ಈ ಖಾಲಿ ಜಾಗ ತುಂಬಲು ಬಂದದ್ದು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ. ಇದು ಮನಶ್ಶಾಸ್ತ್ರಜ್ಞರು ಮತ್ತು ಕೆಲವು ಬಗೆಯ ಆಪ್ತಸಮಾಲೋಚಕರನ್ನು ‘ವರ್ತನಾ ಆರೋಗ್ಯ ವಿಜ್ಞಾನ’ ಎಂಬ ಗುಂಪಿನಲ್ಲಿ ಸೇರಿಸಿದೆ. ‘ಆರೋಗ್ಯ ಆರೈಕೆ ವೃತ್ತಿಪರ’ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಓದು ಬೇಕು ಎಂದು ಹೇಳಿದೆ. 2025ರಲ್ಲಿ ಯುಜಿಸಿಯು ಮನಶ್ಶಾಸ್ತ್ರದಂಥ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಾಗಿ ಕಲಿಸುವುದನ್ನು ನಿಲ್ಲಿಸಿದ್ದೂ ಈ ಕಾಯ್ದೆಯ ಹಿನ್ನೆಲೆಯಲ್ಲೇ. ಇಷ್ಟಾದರೂ ಕಾಯ್ದೆ ಹೆಚ್ಚಾಗಿ ಮಾತಾಡುವುದು ವೃತ್ತಿಗೆ ಬರುವ ಬಾಗಿಲಿನ ಬಗ್ಗೆ. ಒಳಗೆ ಬಂದವರು ಮುಂದಿನ ಮೂವತ್ತು ವರ್ಷ ಹೇಗೆ ಕಲಿಯುತ್ತಿರಬೇಕು ಎಂಬುದು ಬೇರೆಯೇ ಪ್ರಶ್ನೆ.

ಹಳೆಯ ಪಾಠ ತಪ್ಪು ಪಾಠವಾಗುವುದು ಹೇಗೆ?

‘ಮನಸ್ಸು ಅಂದರೆ ಮನಸ್ಸೇ. ಅದರಲ್ಲಿ ಹೊಸದೇನು ಬರುತ್ತದೆ?’ ಎಂದು ಅನ್ನಿಸಬಹುದು. ಮೂರು ಉದಾಹರಣೆ ನೋಡಿ.

ಮೊದಲನೆಯದು ಜೀವ ಉಳಿಸುವ ವಿಷಯ. ಸಾಯುವ ಯೋಚನೆ ಬರುತ್ತಿದೆ ಎಂದು ಹೇಳಿಕೊಂಡವರಿಂದ ‘ಹಾಗೆ ಮಾಡಿಕೊಳ್ಳುವುದಿಲ್ಲ’ ಎಂದು ಮಾತು ತೆಗೆದುಕೊಳ್ಳುವುದು, ಕೆಲವೊಮ್ಮೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುವುದು ಒಂದು ಕಾಲದಲ್ಲಿ ಎಲ್ಲೆಡೆ ಇದ್ದ ರೂಢಿ. ಇದರಿಂದ ಜೀವ ಉಳಿಯುತ್ತದೆ ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆಣೆ ಮಾಡಿದವರು ಮುಂದೆ ಕಷ್ಟ ಹೆಚ್ಚಾದಾಗ ‘ಮಾತು ತಪ್ಪುತ್ತಿದ್ದೇನೆ’ ಎಂಬ ಅಳುಕಿನಿಂದ ಬಾಯಿ ಬಿಡದೇ ಇರಬಹುದು. ಇದರ ಜಾಗಕ್ಕೆ ಬಂದದ್ದು ‘ಸುರಕ್ಷತಾ ಯೋಜನೆ’. ಕಷ್ಟ ಏರುತ್ತಿರುವ ಸೂಚನೆಗಳೇನು, ಆಗ ತಾನೇ ಏನು ಮಾಡಿಕೊಳ್ಳಬಹುದು, ಯಾರ ಜೊತೆ ಇರಬಹುದು, ಯಾರಿಗೆ ಫೋನ್ ಮಾಡಬೇಕು, ಮನೆಯಲ್ಲಿನ ಅಪಾಯದ ವಸ್ತುಗಳನ್ನು ಹೇಗೆ ದೂರ ಇಡಬೇಕು ಎಂದು ಇಬ್ಬರೂ ಕೂತು ಬರೆಯುವ ಪಟ್ಟಿ ಅದು. ಅಮೆರಿಕದ ಮಾಜಿ ಸೈನಿಕರ ಒಂಬತ್ತು ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಯೋಜನೆಯ ಜೊತೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದ ಗುಂಪಿನಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಇನ್ನೊಂದು ಗುಂಪಿಗಿಂತ ಸುಮಾರು 45% ಕಡಿಮೆ ಇತ್ತು. 2000ದಲ್ಲಿ ಓದು ಮುಗಿಸಿ, ಆಮೇಲೆ ಪುಸ್ತಕ ತೆರೆಯದ ಸಮಾಲೋಚಕರು ಈಗಲೂ ಆಣೆ ಮಾಡಿಸಿಕೊಳ್ಳುತ್ತಿರಬಹುದು. ಅವರ ಉದ್ದೇಶ ಒಳ್ಳೆಯದೇ. ಆದರೆ ಎದುರಿಗೆ ಕೂತವರಿಗೆ ಸಿಗಬೇಕಾದದ್ದು ಸಿಗಲಿಲ್ಲ.

ಇದರ ಜೊತೆಗೇ ಹೇಳಬೇಕಾದ ಮಾತು: ‘ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ’ ಎಂಬುದು ತಪ್ಪು ನಂಬಿಕೆ. ಕಾಳಜಿಯಿಂದ ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದೇ ಅಧ್ಯಯನಗಳು ತೋರಿಸಿವೆ.

ಎರಡನೆಯದು, ಅಪಘಾತ ಅಥವಾ ದುರಂತ ಆದ ಕೂಡಲೇ ಬದುಕುಳಿದವರನ್ನೆಲ್ಲ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ‘ಡಿಬ್ರೀಫಿಂಗ್’ ಪದ್ಧತಿ. 1980ರ ದಶಕದಿಂದ ಇದು ಜಗತ್ತಿನ ಎಲ್ಲೆಡೆ ಹಬ್ಬಿತು. ‘ಹೇಳಿಕೊಂಡರೆ ಹಗುರಾಗುತ್ತದೆ’ ಎಂಬ ನಮ್ಮ ನಂಬಿಕೆಗೂ ಇದು ಹೊಂದುತ್ತದೆ. ಆದರೆ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ ಇದರಿಂದ ಆಘಾತದ ಕಾಯಿಲೆ ತಪ್ಪುವುದು ಕಾಣಲಿಲ್ಲ. ಕೆಲವರಿಗೆ ಕೆಡುಕೇ ಆಗಿರಬಹುದು ಎಂಬ ಸೂಚನೆಯೂ ಇತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ‘ಮಾನಸಿಕ ಪ್ರಥಮ ಚಿಕಿತ್ಸೆ’ಯನ್ನು: ಸುರಕ್ಷಿತ ಜಾಗ, ನೀರು, ಊಟ, ಮನೆಯವರ ಸಂಪರ್ಕ, ಮಾತಾಡಬೇಕು ಅನ್ನಿಸಿದರೆ ಕೇಳುವ ಕಿವಿ. ಒತ್ತಾಯ ಬೇಡ.

ಮೂರನೆಯದು ಸಲಿಂಗ ಪ್ರೇಮದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಅದು ಅಪರಾಧವಲ್ಲ ಎಂದಿತು. ‘ಸರಿಪಡಿಸುವ ಚಿಕಿತ್ಸೆ’ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಇದಕ್ಕೆ ಕಾರಣವಾದ ಮದ್ರಾಸ್ ಹೈಕೋರ್ಟಿನ ಮೊಕದ್ದಮೆಯಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ತಮಗೆ ಈ ವಿಷಯ ಸರಿಯಾಗಿ ತಿಳಿದಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡು, ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೂತು ತಿಳಿದುಕೊಂಡರು. ಹೈಕೋರ್ಟಿನ ನ್ಯಾಯಮೂರ್ತಿಗಳೇ ಕಲಿಯಲು ಕೂರಬಹುದಾದರೆ, ಮನೆಯವರು ಕರೆತಂದ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಳ್ಳುವ ಸಮಾಲೋಚಕರಿಗೆ ಆ ಕಲಿಕೆ ಇನ್ನೂ ಎಷ್ಟು ಅಗತ್ಯ!

ಹೊಸ ಸಮಸ್ಯೆಗಳೂ ಬರುತ್ತಿರುತ್ತವೆ. ನಿಮ್ಹಾನ್ಸ್ 2014ರಲ್ಲಿ ಮೊಬೈಲ್, ಗೇಮಿಂಗ್ ಗೀಳಿಗಾಗಿ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. 2022ರಲ್ಲಿ ಜಾರಿಗೆ ಬಂದ ಐಸಿಡಿ-11 ಪಟ್ಟಿಯಲ್ಲಿ ಗೇಮಿಂಗ್ ಗೀಳು, ದೀರ್ಘ ಶೋಕ ಎಂಬ ಹೊಸ ಹೆಸರುಗಳು ಸೇರಿದವು. ಕಾನೂನೂ ಬದಲಾಗುತ್ತದೆ. ಹದಿನೆಂಟು ತುಂಬದ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿಕೊಂಡರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಇಲ್ಲಿ ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಶಾಲೆಯ ಕೌನ್ಸೆಲರ್ ಮೊದಲೇ ಮಗುವಿಗೆ ಮಾತು ಕೊಟ್ಟರೆ, ಮುಂದೆ ಆ ಮಗುವಿನ ನಂಬಿಕೆಯನ್ನೋ ಕಾನೂನನ್ನೋ ಮುರಿಯಲೇಬೇಕಾಗುತ್ತದೆ.

ನಂಬಿಕೆ: ಅನುಭವ ಹೆಚ್ಚಿದಷ್ಟೂ ಸಮಾಲೋಚಕರು ಪಳಗುತ್ತಾರೆ

ಇದು ಎಲ್ಲರೂ ಒಪ್ಪುವ ಮಾತು. ಆದರೆ ಅಳೆದು ನೋಡಿದವರಿಗೆ ಸಿಕ್ಕ ಉತ್ತರ ಬೇರೆ. ಸೈಮನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 170 ಚಿಕಿತ್ಸಕರು, 6,591 ಜನ ಸಹಾಯ ಕೇಳಿ ಬಂದವರ ದಾಖಲೆಗಳಿದ್ದವು. ವರ್ಷಗಳು ಕಳೆದಂತೆ ಚಿಕಿತ್ಸಕರ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಲಿಲ್ಲ, ಬದಲಿಗೆ ಕೂದಲೆಳೆಯಷ್ಟು ಇಳಿಯಿತು. ಕೆಲವರು ಸುಧಾರಿಸಿದ್ದೂ ಉಂಟು, ಅರ್ಧಕ್ಕೇ ಬಿಟ್ಟುಹೋಗುವವರ ಸಂಖ್ಯೆ ಅನುಭವದೊಂದಿಗೆ ಕಡಿಮೆಯಾದದ್ದೂ ಉಂಟು. ಆದರೆ ‘ಇಪ್ಪತ್ತು ವರ್ಷದ ಅನುಭವ’ ಎಂಬ ಒಂದೇ ಮಾತು ಗುಣಮಟ್ಟದ ಖಾತ್ರಿಯಲ್ಲ ಎಂಬುದು ಸ್ಪಷ್ಟ.

ಯಾಕೆ ಹೀಗೆ? ಕಾರಣ ಸರಳ. ಮುದ್ದೆ ಗಂಟು ಕಟ್ಟಿದರೆ ತಟ್ಟೆಯ ಮುಂದೆ ಕೂತವರು ಅಲ್ಲೇ ಹೇಳುತ್ತಾರೆ, ಮಾಡಿದವರು ನಾಳೆ ತಿದ್ದಿಕೊಳ್ಳುತ್ತಾರೆ. ಬಟ್ಟೆ ಬಿಗಿಯಾದರೆ ದರ್ಜಿಗೆ ಅದು ವಾಪಸು ಬರುತ್ತದೆ. ಸಮಾಲೋಚನೆಯಲ್ಲಿ ಹಾಗಲ್ಲ. ಉಪಯೋಗವಾಗದವರು ಜಗಳ ಮಾಡುವುದಿಲ್ಲ, ಮುಂದಿನ ವಾರ ಬರುವುದಿಲ್ಲ, ಅಷ್ಟೇ. ‘ವಾಸಿಯಾಗಿರಬೇಕು’ ಎಂದು ಸಮಾಲೋಚಕರು ಅಂದುಕೊಳ್ಳಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯುವ ಕೆಲಸವಾದ್ದರಿಂದ ತಪ್ಪನ್ನು ತೋರಿಸುವವರು ಯಾರೂ ಇಲ್ಲ. ಮಾಡಿದ್ದನ್ನೇ ಇಪ್ಪತ್ತು ವರ್ಷ ಮಾಡಿದರೆ ಅದು ಒಂದು ವರ್ಷದ ಅನುಭವವನ್ನು ಇಪ್ಪತ್ತು ಸಲ ಪಡೆದಂತಾಗಬಹುದು.

ಇದಕ್ಕೆ ನಮ್ಮ ಬಗ್ಗೆ ನಮಗೇ ಇರುವ ಭ್ರಮೆಯೂ ಸೇರುತ್ತದೆ. 2012ರಲ್ಲಿ ಅಮೆರಿಕದ 129 ಮಾನಸಿಕ ಆರೋಗ್ಯ ವೃತ್ತಿಪರರನ್ನು ‘ನಿಮ್ಮ ಸಹೋದ್ಯೋಗಿಗಳಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ?’ ಎಂದು ಕೇಳಲಾಯಿತು. ಕಾಲು ಭಾಗದಷ್ಟು ಜನ ತಾವು ಮೇಲಿನ ಹತ್ತು ಶೇಕಡಾದಲ್ಲಿ ಇದ್ದೇವೆ ಎಂದರು. ಸರಾಸರಿಗಿಂತ ಕೆಳಗಿದ್ದೇನೆ ಎಂದವರು ಒಬ್ಬರೂ ಇಲ್ಲ! ಇದು ಬರೀ ಸಮಾಲೋಚಕರ ದೋಷವಲ್ಲ, ಮನುಷ್ಯ ಸ್ವಭಾವ. ಅದಕ್ಕೇ ಹೊರಗಿನ ಕಣ್ಣು ಬೇಕು.

ನಂಬಿಕೆ: ವರ್ಷಕ್ಕೆರಡು ಕಾರ್ಯಾಗಾರ ಮಾಡಿದರೆ ಸಾಕು

ಹಾಗಾದರೆ ತರಬೇತಿಗೆ ಕಳಿಸಿದರೆ ಮುಗಿಯಿತಲ್ಲ ಎನ್ನಬಹುದು. ಇಲ್ಲೂ ಒಂದು ಪ್ರಯೋಗ ಕಣ್ತೆರೆಸುತ್ತದೆ. ವಿಲಿಯಂ ಮಿಲ್ಲರ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತ ಮತ್ತು ಮಾದಕ ವ್ಯಸನದ ಕ್ಷೇತ್ರದ 140 ವೃತ್ತಿಪರರು ಹೊಸದೊಂದು ಸಂದರ್ಶನ ಕೌಶಲ ಕಲಿತರು. ಕೆಲವರಿಗೆ ಕಾರ್ಯಾಗಾರ ಮಾತ್ರ. ಉಳಿದವರಿಗೆ ಕಾರ್ಯಾಗಾರದ ನಂತರವೂ ಅವರ ಧ್ವನಿಮುದ್ರಣ ಕೇಳಿ ‘ಇಲ್ಲಿ ಹೀಗೆ ಮಾಡಿದಿರಿ’ ಎಂಬ ಹಿಮ್ಮಾಹಿತಿ, ಇಲ್ಲವೇ ಫೋನಿನಲ್ಲಿ ಮಾರ್ಗದರ್ಶನ, ಇಲ್ಲವೇ ಎರಡೂ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಬರೀ ಕಾರ್ಯಾಗಾರ ಮಾಡಿದವರ ಕೌಶಲ ಕರಗಿತ್ತು. ಆಮೇಲೂ ಕೈಹಿಡಿದು ನಡೆಸಿದವರಲ್ಲಿ ಉಳಿದಿತ್ತು.

ಈಜು ಕಲಿತವರಿಗೆ ಇದು ಹೊಸದಲ್ಲ. ದಡದ ಮೇಲೆ ಕೇಳಿದ ಪಾಠ ನೀರಿಗಿಳಿದಾಗ ನೆನಪಿಗೆ ಬರುವುದಿಲ್ಲ. ಪಕ್ಕದಲ್ಲೊಬ್ಬರು ನಿಂತು ‘ಕಾಲು ಮಡಿಸಬೇಡ’ ಎಂದು ಹೇಳುತ್ತಿರಬೇಕು. ಸಮಾಲೋಚನೆಯಲ್ಲಿ ಈ ವ್ಯವಸ್ಥೆಗೆ ‘ಸೂಪರ್‌ವಿಷನ್’ ಎನ್ನುತ್ತಾರೆ. ಇದು ಮೇಲಧಿಕಾರಿಯ ತನಿಖೆ ಅಲ್ಲ. ಸಮಾಲೋಚಕರು ತಮ್ಮ ಪ್ರಕರಣಗಳನ್ನು, ಹೆಸರು ಗುರುತು ಮರೆಮಾಡಿ, ಅನುಭವಿಗಳ ಮುಂದಿಟ್ಟು, ಎಲ್ಲಿ ಎಡವಿದೆ ಎಂದು ನೋಡಿಕೊಳ್ಳುವ ಕ್ರಮ. ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘವಾದ ಬಿಎಸಿಪಿ ತನ್ನ ಮಾನ್ಯತೆ ಪಡೆದವರು ಎಷ್ಟೇ ಹಿರಿಯರಾದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಹೀಗೆ ಕೂರಬೇಕು ಎಂದು ನಿಯಮ ಮಾಡಿದೆ.

ಇದಕ್ಕೆ ದೊಡ್ಡ ಖರ್ಚೇ ಬೇಕೆಂದಿಲ್ಲ. ಗೋವಾದ ‘ಸಂಗತ್’ ಸಂಸ್ಥೆ ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರಿಗೆ ಆರೆಂಟು ಭೇಟಿಗಳ ಸಮಾಲೋಚನೆ ಕೊಡಿಸಿತು. ಇದರಿಂದ ಪ್ರಯೋಜನವಾದದ್ದನ್ನು ದಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಅಲ್ಲಿನ ಸಮಾಲೋಚಕರು ಒಬ್ಬರ ಧ್ವನಿಮುದ್ರಣವನ್ನು ಇನ್ನೊಬ್ಬರು ಕೇಳಿ, ಅಂಕ ಕೊಟ್ಟು, ಕೂಡಿ ಚರ್ಚಿಸುತ್ತಿದ್ದರು. ಅಂದರೆ ಪದವಿಯಷ್ಟೇ ಮುಖ್ಯವಾದದ್ದು ಪದವಿಯ ನಂತರವೂ ನಡೆಯುವ ಈ ತಿದ್ದುಪಡಿ. ಇನ್ನೊಂದು ಲಾಭವೂ ಇದೆ. ದಿನವಿಡೀ ಬೇರೆಯವರ ನೋವು ಕೇಳುವವರಿಗೂ ಬಳಲಿಕೆ ಬರುತ್ತದೆ. ಅದನ್ನು ಮೊದಲು ಗುರುತಿಸುವುದು ಇಂಥ ಬೈಠಕ್ಕಿನಲ್ಲೇ.

ಪಾಠ ಇಂಗ್ಲಿಷಿನಲ್ಲಿ, ಅಳು ಕನ್ನಡದಲ್ಲಿ

ಉತ್ತರ ಬೆಂಗಳೂರಿನಲ್ಲಿ ಇನ್ನೊಂದು ಕಲಿಕೆಯೂ ಬೇಕಾಗುತ್ತದೆ. ಆರ್‌.ಟಿ. ನಗರದಲ್ಲಿ ಉರ್ದು, ಯಲಹಂಕದ ಹಳೇ ಊರಲ್ಲಿ ಕನ್ನಡ ಮತ್ತು ತೆಲುಗು, ಯಶವಂತಪುರ–ಪೀಣ್ಯದ ಕಡೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ದುಡಿಯಲು ಬಂದವರ ಹತ್ತಾರು ನುಡಿ. ಆದರೆ ಸಮಾಲೋಚನೆಯ ಓದು, ಪ್ರಶ್ನಾವಳಿ, ಕಾರ್ಯಾಗಾರ ಬಹುಪಾಲು ಇಂಗ್ಲಿಷಿನಲ್ಲೇ.

‘ಬೇಜಾರು’ ಎಂಬ ಒಂದೇ ಪದ ನೋಡಿ. ಟಿವಿ ನೋಡಿ ಬೇಜಾರಾಯಿತು, ಅಣ್ಣ ಮಾತಾಡದೆ ಹೋದದ್ದಕ್ಕೆ ಬೇಜಾರಾಯಿತು, ಅಪ್ಪ ತೀರಿಕೊಂಡ ಮೇಲೆ ಬರೀ ಬೇಜಾರು, ಬದುಕೇ ಬೇಜಾರು. ಇದೇ ಪದ ಏಕತಾನತೆ, ಮುನಿಸು, ದುಃಖ, ಖಿನ್ನತೆ ಎಲ್ಲವನ್ನೂ ಹೊರುತ್ತದೆ. ಯಾವ ಬೇಜಾರು ಎಂದು ಬಿಡಿಸಿ ಕೇಳದಿದ್ದರೆ ಅಪಾಯದ ಸೂಚನೆಯೇ ತಪ್ಪಿಹೋಗಬಹುದು. ಅನೇಕರು, ಅದರಲ್ಲೂ ಹಿರಿಯರು, ‘ನನಗೆ ಆತಂಕ’ ಎನ್ನುವುದಿಲ್ಲ. ‘ಎದೆ ಡವಗುಟ್ಟುತ್ತೆ’, ‘ಕೈಕಾಲು ಸೋತು ಬರುತ್ತೆ’, ‘ತಲೆ ಧಿಮ್ಮನ್ನುತ್ತೆ’ ಎನ್ನುತ್ತಾರೆ. ಇದನ್ನು ಅರಿಯುವುದೂ ವೃತ್ತಿ ಕಲಿಕೆಯ ಭಾಗ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ದಶಕಗಳಿಂದ ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನು ಬರೆದದ್ದರಿಂದ ನಮಗೆ ಒಂದಿಷ್ಟು ಪದಸಂಪತ್ತು ಸಿಕ್ಕಿದೆ. ವೃತ್ತಿಪರರಿಗೆಂದೇ ಕನ್ನಡದಲ್ಲಿ ತರಬೇತಿ ಇನ್ನೂ ಹೆಚ್ಚಬೇಕು.

ಕಲಿಯಲು ದಾರಿ ಇದೆಯೇ?

ಇದೆ, ಬೇರೆ ಊರುಗಳಿಗಿಂತ ಹೆಚ್ಚೇ ಇದೆ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಯಲಹಂಕದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ಊರಿನ ಇನ್ನೊಂದು ತುದಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಯಿತು ಎಂದೇ ಲೆಕ್ಕ. ಆದರೆ ಈಗ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಆನ್‌ಲೈನಿನಲ್ಲೇ ತರಬೇತಿ ಕೊಡುತ್ತದೆ. ಹೊಸ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ‘ಎಕೋ’ ಮಾದರಿಯನ್ನೂ ನಿಮ್ಹಾನ್ಸ್ ಬಳಸುತ್ತಿದೆ. ಬೇರೆ ಬೇರೆ ಊರಿನವರು ವಿಡಿಯೋದಲ್ಲಿ ಸೇರಿ ತಮ್ಮ ಪ್ರಕರಣಗಳನ್ನು ತಜ್ಞರ ಮುಂದಿಟ್ಟು ಕಲಿಯುವ ಕ್ರಮ ಅದು. ಯಶವಂತಪುರದ ಕಡೆ ಕ್ರೈಸ್ಟ್ ವಿಶ್ವವಿದ್ಯಾಲಯದ ಕ್ಯಾಂಪಸ್, ಎಂ.ಎಸ್. ರಾಮಯ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗ, ಕೊತ್ತನೂರಿನ ಕ್ರಿಸ್ತು ಜಯಂತಿ ಹೀಗೆ ಉತ್ತರ ಭಾಗದಲ್ಲೂ ಕಲಿಕೆಯ ಜಾಗಗಳಿವೆ.

ತೊಡಕು ಇರುವುದು ಸಮಯ ಮತ್ತು ಹಣದ್ದು. ಸ್ವಂತವಾಗಿ ಕೆಲಸ ಮಾಡುವ ಸಮಾಲೋಚಕರು ತರಬೇತಿಗೆ ಹೋದರೆ ಆ ದಿನದ ಸಂಪಾದನೆಯೂ ಹೋಯಿತು, ಫೀಸನ್ನೂ ಕಟ್ಟಬೇಕು. ಇಡೀ ಶಾಲೆಗೆ ಒಬ್ಬರೇ ಕೌನ್ಸೆಲರ್ ಆದರೆ ರಜೆ ಕೇಳುವುದೂ ಕಷ್ಟ, ಪ್ರಕರಣ ಚರ್ಚಿಸಲು ಪಕ್ಕದಲ್ಲಿ ಇನ್ನೊಬ್ಬರೂ ಇರುವುದಿಲ್ಲ. ‘ಕೌನ್ಸೆಲರ್ ಇದ್ದಾರೆ’ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚು ಹಾಕಿಸುವ ಶಾಲೆ, ಕಂಪನಿಗಳು ಅವರ ಕಲಿಕೆಗೂ ಸೂಪರ್‌ವಿಷನ್‌ಗೂ ತಿಂಗಳಿಗೆ ಒಂದೆರಡು ಗಂಟೆ ಮತ್ತು ಒಂದಿಷ್ಟು ಹಣ ಎತ್ತಿಡುವುದು ನ್ಯಾಯ. ಅಕ್ಕಪಕ್ಕದ ನಾಲ್ಕೈದು ಶಾಲೆಗಳ ಕೌನ್ಸೆಲರ್‌ಗಳು ಹದಿನೈದು ದಿನಕ್ಕೊಮ್ಮೆ ಸೇರಿದರೂ ಒಳ್ಳೆಯ ಆರಂಭವೇ.

ನಾವು ಕೇಳಬಹುದಾದ ಪ್ರಶ್ನೆಗಳು

ಸಹಾಯಕ್ಕೆ ಹೋದಾಗ ಮೊದಲ ಭೇಟಿಯಲ್ಲೇ ಇವನ್ನು ಕೇಳುವುದು ಅಗೌರವವಲ್ಲ:

• ನೀವು ಏನು ಓದಿದ್ದೀರಿ, ಎಲ್ಲಿ? ಯಾವುದಾದರೂ ಪರಿಷತ್ತಿನ ನೋಂದಣಿ ಇದೆಯೇ?
• ನನ್ನಂಥ ಸಮಸ್ಯೆಗೆ ಯಾವ ವಿಧಾನ ಬಳಸುತ್ತೀರಿ? ಅದರ ತರಬೇತಿ ಪಡೆದಿದ್ದೀರಾ?
• ನಿಮ್ಮ ಪ್ರಕರಣಗಳನ್ನು ಹಿರಿಯರೊಬ್ಬರ ಜೊತೆ ಚರ್ಚಿಸುತ್ತೀರಾ?
• ನನಗೆ ಉಪಯೋಗವಾಗುತ್ತಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ?
• ಯಾವ ಸಂದರ್ಭದಲ್ಲಿ ನನ್ನನ್ನು ಮನೋವೈದ್ಯರ ಬಳಿ ಕಳಿಸುತ್ತೀರಿ? ಯಾವ ವಿಷಯ ಗುಟ್ಟಾಗಿ ಉಳಿಯುವುದಿಲ್ಲ?

ಒಳ್ಳೆಯ ಸಮಾಲೋಚಕರು ಇದಕ್ಕೆಲ್ಲ ಸಮಾಧಾನದಿಂದ ಉತ್ತರಿಸುತ್ತಾರೆ. ‘ಇದು ನನಗೆ ಗೊತ್ತಿಲ್ಲ, ಕೇಳಿ ತಿಳಿದುಕೊಂಡು ಹೇಳುತ್ತೇನೆ’ ಎಂದರೆ ಅದು ದೌರ್ಬಲ್ಯವಲ್ಲ, ನಂಬಿಕೆಗೆ ಅರ್ಹರು ಎನ್ನುವುದರ ಗುರುತು. ಕೇಳಿದ್ದಕ್ಕೇ ಸಿಡುಕಿದರೆ, ಅಥವಾ ‘ನೂರಕ್ಕೆ ನೂರು ವಾಸಿ ಮಾಡುತ್ತೇನೆ’ ಎಂದರೆ, ಬೇರೆಯವರನ್ನು ನೋಡುವುದು ಲೇಸು. ಕೆಲವು ಭೇಟಿಗಳ ನಂತರವೂ ಏನೂ ಬದಲಾಗದಿದ್ದರೆ ಸುಮ್ಮನೆ ಬಿಟ್ಟುಬಿಡಬೇಡಿ, ಅದನ್ನು ಅವರಿಗೇ ಹೇಳಿ. ಅವರಿಗೆ ಬೇರೆಲ್ಲೂ ಸಿಗದ ಪಾಠ ಅದು.

ಈ ಹುಡುಕಾಟಕ್ಕೆಲ್ಲ ಪುರುಸೊತ್ತಿಲ್ಲದಷ್ಟು ಕಷ್ಟದಲ್ಲಿ ನೀವೋ ನಿಮ್ಮವರೋ ಇದ್ದರೆ, 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ, ಕೇಂದ್ರ ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.